ಬೋನ್ಸಾಯ್ ವರ್ಕ್‌ಶಾಪ್‌ಗೆ ದುಡ್ಡು ಕೊಟ್ಟು ಹೋಗಬಹುದಾ? ಹೋಗಿ ಬಂದವರು ಹೇಳಿ

ತಾರಸಿ ತೋಟ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ತಾರಸಿಯಲ್ಲಿ ಸೊಪ್ಪು, ಟೊಮ್ಯಾಟೊ, ಮಲ್ಲಿಗೆ ಬೆಳೆಸಿ ಅಭ್ಯಾಸ ಇದೆ. ಬೋನ್ಸಾಯ್ ಮಾತ್ರ ಪೂರ್ತಿ ಹೊಸದು. ನಮ್ಮ ಏರಿಯಾದಲ್ಲಿ ಬರುವ ತಿಂಗಳು ಭಾನುವಾರ ಒಂದು ವರ್ಕ್‌ಶಾಪ್ ಇದೆ. ಮೂರು ಗಂಟೆ. ಗಿಡ, ಕುಂಡ, ತಂತಿ, ಮಣ್ಣು ಎಲ್ಲ ಅವರೇ ಕೊಡುತ್ತಾರಂತೆ. "ನಿಮ್ಮ ಬೋನ್ಸಾಯ್ ನೀವೇ ಮಾಡಿ, ಮನೆಗೆ ತೆಗೆದುಕೊಂಡು ಹೋಗಿ" ಅಂತ ಪೋಸ್ಟರ್‌ನಲ್ಲಿದೆ.

ಮೂರು ಗಂಟೆಯಲ್ಲಿ ಏನು ಕಲಿಯೋಕಾಗುತ್ತೆ? ಯೂಟ್ಯೂಬ್ ನೋಡಿ ಮನೆಯಲ್ಲೇ ಮಾಡಿಕೊಂಡರೆ ಆಗಲ್ವಾ? ಇನ್ನೊಂದು ಪ್ರಶ್ನೆ. ನಮ್ಮ ಸಂಪ್ ಪಕ್ಕದ ಗೋಡೆ ಸಂದಿಯಲ್ಲಿ ಒಂದು ಅರಳಿ ಸಸಿ ಹುಟ್ಟಿದೆ, ಹೆಬ್ಬೆರಳು ದಪ್ಪ ಇದೆ. ನರ್ಸರಿಯಿಂದ ತಂದ ಒಂದು ಫೈಕಸ್ (ಆಲದ ಜಾತಿಯ ಗಿಡ) ಕೂಡ ಇದೆ. ಇವುಗಳಲ್ಲಿ ಯಾವುದರಿಂದ ಶುರು ಮಾಡಲಿ?

ಸುಮ್ನೆ ಕೇಳ್ದೆ (ತುಮಕೂರು)

ಹೋಗಬೇಡಿ ಮೇಡಂ. ನಾನು ಹೋಗಿ ಬಂದವನು. ಒಂದು ಹೋಟೆಲ್ ಹಾಲ್‌ನಲ್ಲಿ ಇತ್ತು. ಊರಿನ ಹೆಸರು, ನಡೆಸಿದವರ ಹೆಸರು ಬೇಡ ಬಿಡಿ. ಎಲ್ಲರಿಗೂ ಒಂದೇ ಥರದ ಜೇಡ್ ಗಿಡದ ಕಡ್ಡಿ, ಪೆನ್ಸಿಲ್‌ಗಿಂತ ಸಣ್ಣದು. ಅದನ್ನು ತಟ್ಟೆಯಂಥ ಕುಂಡದಲ್ಲಿ ನೆಡಿಸಿದರು, ಮೇಲೆ ಬಿಳಿ ಕಲ್ಲು, ಪಕ್ಕದಲ್ಲಿ ಒಂದು ಪುಟ್ಟ ಬುದ್ಧನ ಗೊಂಬೆ. ತಂತಿ ಸುತ್ತುವ ಕೆಲಸ ಬಂದಾಗ ಅವರ ಸಹಾಯಕರೇ ಬಂದು ಸರಸರ ಸುತ್ತಿ ಹೋದರು. ನಮ್ಮ ಕೈಗೆ ಬಂದಿದ್ದು ಫೋಟೊ ತೆಗೆಸಿಕೊಳ್ಳೋ ಕೆಲಸ ಮಾತ್ರ. ಆ ತಂತಿಯನ್ನು ಯಾವಾಗ ತೆಗೆಯಬೇಕು ಅಂತ ಒಬ್ಬರೂ ಹೇಳಲಿಲ್ಲ. ಆಮೇಲೆ ಫೋನ್ ಮಾಡಿದರೆ "ಅಡ್ವಾನ್ಸ್ಡ್ ಕೋರ್ಸ್‌ಗೆ ಸೇರಿ" ಅನ್ನುತ್ತಾರೆ.

ಮಣ್ಣಿನ ಕೈ (ಮೈಸೂರು)

ತುಮಕೂರಿನವರು ಹೇಳಿದ್ದು ನಿಜವೇ. ಅಂಥವು ಈಗ ತುಂಬ ಆಗಿವೆ. ಹಾಗಂತ ಎಲ್ಲವೂ ಹಾಗಿಲ್ಲ. ನಾನೂ ವರ್ಷಕ್ಕೆ ಕೆಲವು ಸಲ ಮನೆಯ ಹಿತ್ತಲಲ್ಲಿ ಸಣ್ಣ ಗುಂಪಿಗೆ ಹೇಳಿಕೊಡುತ್ತೇನೆ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಉಪ್ಪು-ಖಾರ ಕಳೆದು ಓದಿಕೊಳ್ಳಿ.

ಮೂರು ಗಂಟೆಯಲ್ಲಿ ಬೋನ್ಸಾಯ್ ಆಗಲ್ಲ. ಆದರೆ ವೀಡಿಯೊದಿಂದ ಬರದೇ ಇರೋ ಒಂದೆರಡು ವಿಷಯ ಆ ಹೊತ್ತಿನಲ್ಲಿ ಕೈಗೆ ಹತ್ತುತ್ತವೆ. ತಂತಿಯನ್ನೇ ತೆಗೆದುಕೊಳ್ಳಿ. ಕೊಂಬೆಯ ದಪ್ಪದ ಮೂರನೇ ಒಂದು ಭಾಗದಷ್ಟು ದಪ್ಪದ ತಂತಿ, 45 ಡಿಗ್ರಿ ಓರೆಯಲ್ಲಿ ಸುತ್ತಬೇಕು ಅಂತ ಯಾರು ಬೇಕಾದರೂ ಹೇಳುತ್ತಾರೆ. ಎಷ್ಟು ಬಿಗಿ ಅನ್ನೋದನ್ನು ಹೇಳೋಕೆ ಆಗಲ್ಲ. ತೊಗಟೆಗೆ ತಾಗಿರಬೇಕು, ಒತ್ತಬಾರದು. ಸಡಿಲ ಆದರೆ ಬಗ್ಗಿಸುವಾಗ ಕೊಂಬೆ ತಂತಿಯ ಮಾತು ಕೇಳಲ್ಲ, ತನಗೆ ಬೇಕಾದಲ್ಲಿ ಮುರಿಯುತ್ತದೆ. ಒಂದೇ ತಂತಿಯಲ್ಲಿ ಅಕ್ಕಪಕ್ಕದ ಎರಡು ಕೊಂಬೆ ಕಟ್ಟಬೇಕು, ನಡುವೆ ಕಾಂಡಕ್ಕೆ ಒಂದು ಸುತ್ತು ಬರಬೇಕು, ಆಗಲೇ ಹಿಡಿತ. ಬಗ್ಗಿಸುವಾಗ ಎರಡೂ ಹೆಬ್ಬೆರಳು ಬಾಗುವ ಜಾಗದ ಒಳಬದಿಗೆ, ಬೆರಳುಗಳು ಹೊರಬದಿಗೆ. ಬಾಗಿನ ಹೊರಮೈ ಮೇಲೆ ತಂತಿ ಬಂದಿರಬೇಕು, ಬಿರುಕು ಬಿಡೋದು ಅಲ್ಲೇ. ಇನ್ನೊಂದು ಚೂರು ಬಗ್ಗಿಸಿದರೆ ಮುರಿಯುತ್ತೆ ಅನ್ನೋ ಗಳಿಗೆಯಲ್ಲಿ ನಾರು ಸಣ್ಣಗೆ ಸದ್ದು ಮಾಡುತ್ತದೆ. ಆ ಸದ್ದು ಬೆರಳಿಗೆ ಮೊದಲು ಗೊತ್ತಾಗುತ್ತದೆ, ಕಿವಿಗೆ ಆಮೇಲೆ. ಪಕ್ಕದಲ್ಲಿ ಗೊತ್ತಿರುವವರು ನಿಂತು "ಸಾಕು, ಅಲ್ಲಿಗೆ ಬಿಡಿ" ಅಂದರೆ ಅದು ಜನ್ಮಕ್ಕೂ ಮರೆಯಲ್ಲ.

ಹಾಗಾಗಿ ದುಡ್ಡು ಕೊಡೋ ಮೊದಲು ಅವರಿಗೆ ಫೋನ್ ಮಾಡಿ. ನನ್ನದೇ ಗಿಡ ತರಬಹುದಾ ಅಂತ ಕೇಳಿ. ಅದೇ ಗಿಡವನ್ನು ಮೂರು ನಾಲ್ಕು ತಿಂಗಳು ಬಿಟ್ಟು ಮತ್ತೆ ತಂದು ತೋರಿಸಬಹುದಾ ಅಂತಲೂ ಕೇಳಿ. ನನ್ನ ಲೆಕ್ಕದಲ್ಲಿ ವರ್ಕ್‌ಶಾಪ್‌ನ ಬೆಲೆ ಇರೋದೇ ಎರಡನೇ ಸಲದಲ್ಲಿ. ಮೊದಲ ದಿನ ನಾವು ಗಿಡಕ್ಕೆ ಏನು ಮಾಡಿದೆವು ಅನ್ನೋದು ಗೊತ್ತಾಗುತ್ತೆ. ಅದಕ್ಕೆ ಗಿಡ ಏನು ಉತ್ತರ ಕೊಟ್ಟಿತು ಅನ್ನೋದು ಗೊತ್ತಾಗಬೇಕಾದರೆ ಮತ್ತೆ ಅದೇ ಗಿಡದ ಜೊತೆ ಅದೇ ಗುರುವಿನ ಮುಂದೆ ಕೂರಬೇಕು.

ಅರಳಿ ಗೋಡೆಯಲ್ಲೇ ಇರಲಿ ಸದ್ಯಕ್ಕೆ. ಅರಳಿ ಎಲೆ ದೊಡ್ಡದು, ಸಣ್ಣ ಗಾತ್ರದ ಬೋನ್ಸಾಯ್‌ಗೆ ಅಳತೆ ಕೂಡಿಬರಲ್ಲ. ನಿಮ್ಮ ನರ್ಸರಿ ಫೈಕಸ್ ಒಳ್ಳೆಯದು.

ಸುಮ್ನೆ ಕೇಳ್ದೆ

ಸರ್, ನನ್ನ ಜೇಡ್ ಇನ್ನೂ ಬದುಕಿದೆ. ಆದರೆ ಕೊಟ್ಟಾಗ ಹೇಗಿತ್ತೋ ಹಾಗೇ ಇದೆ, ದಪ್ಪವೇ ಆಗಿಲ್ಲ. ಗೊಬ್ಬರ ಕಮ್ಮಿ ಆಯ್ತಾ?

ಮಣ್ಣಿನ ಕೈ

ಗೊಬ್ಬರದ ವಿಷಯ ಅಲ್ಲ ಇದು. ಕಾಂಡ ದಪ್ಪ ಆಗೋದು ಎಲೆಗಳು ಮಾಡುವ ಅಡುಗೆಯಿಂದ. ಎಲೆ ಜಾಸ್ತಿ ಇದ್ದಷ್ಟು ಆಹಾರ ಜಾಸ್ತಿ, ಆಹಾರ ಇದ್ದಷ್ಟು ತೊಗಟೆ ಕೆಳಗೆ ಹೊಸ ಮರ ಕೂಡುತ್ತದೆ. ತಟ್ಟೆ ಕುಂಡದಲ್ಲಿ ಬೇರಿಗೆ ಜಾಗ ಇಲ್ಲ, ಮೇಲೆ ನಾವು ಚಿಗುರು ಕತ್ತರಿಸುತ್ತಲೇ ಇರುತ್ತೇವೆ. ಇನ್ನೆಲ್ಲಿಂದ ದಪ್ಪ ಆಗಬೇಕು?

ನೀವು ಪ್ರದರ್ಶನದಲ್ಲಿ ನೋಡುವ ಮುಂಗೈ ದಪ್ಪದ ಬೋನ್ಸಾಯ್ ಆ ಕುಂಡದಲ್ಲಿ ಬೆಳೆದದ್ದಲ್ಲ. ನೆಲದಲ್ಲೋ ದೊಡ್ಡ ಪಾಟ್‌ನಲ್ಲೋ ವರ್ಷಗಟ್ಟಲೆ ಬಿಟ್ಟು, ಬುಡ ದಪ್ಪ ಮಾಡಿಕೊಂಡು, ಮೋಟು ಕತ್ತರಿಸಿ, ಮತ್ತೆ ಕೊಂಬೆ ಬರಿಸಿ, ಆಮೇಲೆ ತಟ್ಟೆಗೆ ಇಳಿಸಿರುತ್ತಾರೆ. ಕೆಳಗಡೆ ಒಂದು ಕೊಂಬೆಯನ್ನು ಬೇಕಂತಲೇ ಮಾರುದ್ದ ಬೆಳೆಯೋಕೆ ಬಿಡುತ್ತಾರೆ. ಬುಡ ದಪ್ಪ ಆದ ಮೇಲೆ ಆ ಕೊಂಬೆಯನ್ನು ಕತ್ತರಿಸಿ ಬಿಸಾಕುತ್ತಾರೆ. ಇದಕ್ಕೆ ಬಲಿ ಕೊಂಬೆ ಅಂತಲೇ ಹೆಸರು.

ನಿಮ್ಮ ಜೇಡ್ ಅನ್ನು ದೊಡ್ಡ ಗ್ರೋ ಬ್ಯಾಗ್‌ಗೆ ಹಾಕಿ, ಬಿಸಿಲಿಗೆ ಇಡಿ, ಎರಡು ವರ್ಷ ಕತ್ತರಿ ಮುಟ್ಟಬೇಡಿ. ಬುದ್ಧನನ್ನು ಶೋಕೇಸ್‌ಗೆ ಕಳಿಸಿ.

ಕುಡ್ಲದ ಮಳೆ (ಮಂಗಳೂರು)

ಇದು ಒಳ್ಳೆ ಚರ್ಚೆ ಮಾರಾಯ್ರೆ. ನನ್ನದು ಮಣ್ಣಿನ ಪ್ರಶ್ನೆ. ಬೆಂಗಳೂರಿನಿಂದ ಬಂದವರೊಬ್ಬರು ಇಲ್ಲಿ ವರ್ಕ್‌ಶಾಪ್ ಮಾಡಿದರು. ಕೆಂಪು ಮಣ್ಣು, ಮರಳು, ಗೊಬ್ಬರ ಸಮಸಮ ಅಂತ ಹೇಳಿಕೊಟ್ಟರು. ಬೇಸಿಗೆಯಲ್ಲಿ ಚೆನ್ನಾಗಿತ್ತು. ಜೂನ್, ಜುಲೈ ಬಂದ ಮೇಲೆ ಕುಂಡದೊಳಗೆ ಕೆಸರು. ಅಡಿಯಲ್ಲಿ ಜಲ್ಲಿ ಹಾಕಿದ್ದರೂ ನೀರು ಇಳಿಯುವುದಿಲ್ಲ. ಜಲ್ಲಿ ಇನ್ನೂ ದಪ್ಪಕ್ಕೆ ಹಾಕಬೇಕಾ?

ಶೇಂಗಾ ಹಿಂಡಿ (ಧಾರವಾಡ)

ಜಲ್ಲಿ ಹಾಕಿದರ ಇನ್ನೂ ಕೆಟ್ಟರೀ! ಇದನ್ನು ನಮ್ಮ ಗುರುಗಳು ಒಂದು ಸ್ಪಾಂಜ್ ಇಟ್ಟುಕೊಂಡು ತೋರಿಸಿದ್ದರು. ಪಾತ್ರೆ ತೊಳೆಯುವ ಉದ್ದನೆ ಸ್ಪಾಂಜ್ ಅನ್ನು ಪೂರ್ತಿ ನೆನೆಸಿ ಅಡ್ಡ ಹಿಡಿಯಿರಿ. ತೊಟ್ಟಿಕ್ಕೋದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಾಂಜ್ ಅದೇ, ನೀರೂ ಅದೇ. ಎತ್ತರ ಜಾಸ್ತಿ ಆದ ಕೂಡಲೇ ನೀರು ಇಳಿಯಿತು.

ಮಣ್ಣೂ ಹಾಗೇ. ಯಾವ ಕುಂಡವಾದರೂ ತಳದಲ್ಲಿ ಒಂದು ಪದರ ನೀರು ನಿಂತೇ ನಿಲ್ಲುತ್ತದೆ. ಆ ಪದರದ ಎತ್ತರ ಮಣ್ಣಿನ ಕಣ ಎಷ್ಟು ಸಣ್ಣದು ಅನ್ನೋದರ ಮೇಲೆ ಹೋಗುತ್ತದೆ, ಕುಂಡದ ಆಳದ ಮೇಲಲ್ಲ. ಎತ್ತರದ ಕುಂಡದಲ್ಲಿ ಅದು ಕೆಳಗಿನ ಮೂಲೆ ಅಷ್ಟೇ. ಬೋನ್ಸಾಯ್ ತಟ್ಟೆಯಲ್ಲಿ ಸಣ್ಣ ಮಣ್ಣು ಹಾಕಿದರೆ ಇಡೀ ಬೇರೇ ಆ ನೀರಲ್ಲಿ ಕೂತಿರುತ್ತದೆ. ಅಡಿಯಲ್ಲಿ ಜಲ್ಲಿ ಸುರಿದರೆ ಆ ನೀರಿನ ಪದರ ಜಲ್ಲಿ ಮೇಲಕ್ಕೆ ಏರಿ ಕೂರುತ್ತದೆ, ಬೇರಿಗೆ ಇನ್ನೂ ಹತ್ತಿರ.

ಮದ್ದು ಒಂದೇ, ದಪ್ಪ ಕಣ. ನಾವಿಲ್ಲಿ ಹಳೇ ಇಟ್ಟಿಗೆ ಒಡೆದು ಎರಡು ಜರಡಿ ಹಿಡಿಯುತ್ತೇವೆ. 3 ಮಿಲಿಮೀಟರ್‌ಗಿಂತ ಸಣ್ಣದು ಹೊರಗೆ, 6ಕ್ಕಿಂತ ದೊಡ್ಡದೂ ಹೊರಗೆ. ನಡುವಿನದು ಮಾತ್ರ ಕುಂಡಕ್ಕೆ. ಅದಕ್ಕೆ ಸ್ವಲ್ಪ ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು), ಸ್ವಲ್ಪ ಇದ್ದಿಲು ಚೂರು, ಚೆನ್ನಾಗಿ ಕಳಿತ ಎಲೆ ಗೊಬ್ಬರ ಒಂದು ಹಿಡಿ. ಜಪಾನಿನವರು ಅಕಡಾಮ ಅನ್ನೋ ಕಾಳುಕಾಳಾದ ಜೇಡಿಮಣ್ಣು ಬಳಸುತ್ತಾರೆ, ಇಲ್ಲಿ ತರಿಸಿದರೆ ಗಿಡಕ್ಕಿಂತ ಮಣ್ಣೇ ತುಟ್ಟಿ. ಇಟ್ಟಿಗೆ ಸಾಕು.

ಧೂಳು ತೆಗೆಯೋದು ಮರೆಯಬೇಡಿ. ಜರಡಿ ಹಿಡಿದ ಮೇಲೆ ತೊಳೆಯಬೇಕು. ವರ್ಕ್‌ಶಾಪ್‌ನಲ್ಲಿ ಒಂದು ಇಡೀ ಮುಂಜಾನೆ ನಮ್ಮ ಕೈಲಿ ಇದೇ ಕೆಲಸ ಮಾಡಿಸಿದ್ದರು. ಗಿಡ ಮುಟ್ಟೋಕೂ ಬಿಡಲಿಲ್ಲ. ಕೆಲವರು ಸಿಟ್ಟು ಮಾಡಿಕೊಂಡು ಊಟಕ್ಕೆ ಮೊದಲೇ ಎದ್ದು ಹೋದರು. ಉಳಿದವರ ಗಿಡ ಉಳಿದವು ಅಂತ ನಾನು ಹೇಳೋದಿಲ್ಲ, ನೀವೇ ಊಹಿಸಿ!

ಕುಡ್ಲದ ಮಳೆ

ಓಹ್, ಸ್ಪಾಂಜ್ ಈಗಲೇ ಮಾಡಿ ನೋಡಿದೆ. ಹೌದು ಮಾರಾಯ್ರೆ! ಇಲ್ಲಿ ಮುರಕಲ್ಲಿನ ಚೂರು ಬೇಕಾದಷ್ಟು ಸಿಗುತ್ತದೆ. ಅದು ಆಗಬಹುದಾ?

ಶೇಂಗಾ ಹಿಂಡಿ

ಗಟ್ಟಿ ಚೂರು ಆದರೆ ಆಗುತ್ತದೆ. ಉಗುರಲ್ಲಿ ಕೆರೆದರೆ ಪುಡಿ ಆಗುವಂಥದ್ದು ಬೇಡ, ಒಂದು ಮಳೆಗಾಲಕ್ಕೆ ಮತ್ತೆ ಕೆಸರೇ.

ಆದರೆ ಒಂದು ಮಾತು. ನಿಮ್ಮ ಮಿಶ್ರಣ ನನಗೆ ಸರಿಹೋಗಲ್ಲ, ನನ್ನದು ನಿಮಗೆ ಅತಿ ಆಗಬಹುದು. ಏಪ್ರಿಲ್‌ನಲ್ಲಿ ನಮ್ಮಲ್ಲಿ ಬರೀ ಇಟ್ಟಿಗೆ ಚೂರಿನ ಕುಂಡಕ್ಕೆ ದಿನಕ್ಕೆ ಎರಡು ಸಲ ನೀರು ಬೇಕು. ಎರಡು ದಿನ ಊರಿಗೆ ಹೋಗಬೇಕಂದರೆ ಪಕ್ಕದ ಮನೆಯವರ ಕಾಲು ಹಿಡಿಯಬೇಕು. ಊರು ಬದಲಾದರೆ ಮಣ್ಣೂ ಬದಲಾಗಬೇಕು ಅನ್ನೋದನ್ನು ಹೊರಗಿನಿಂದ ಬಂದು ಒಂದು ದಿನ ಪಾಠ ಮಾಡಿ ಹೋಗುವವರು ಹೇಳೋದು ಕಮ್ಮಿ. ಆದಷ್ಟು ನಿಮ್ಮ ಊರಲ್ಲೇ ಗಿಡ ಬೆಳೆಸಿದವರ ಹತ್ತಿರ ಕಲಿಯಿರಿ.

ಹಿಮದೂರ ಕನ್ನಡಿಗ (ನ್ಯೂಜೆರ್ಸಿ)

ನಮ್ಮ ಕಡೆ ಬೋನ್ಸಾಯ್ ಕ್ಲಬ್‌ಗಳಲ್ಲಿ ನಡೆಯೋದು ಬೇರೆ ಥರ. "ನಿಮ್ಮ ಮರ ತನ್ನಿ" ಅನ್ನೋದೇ ರೂಢಿ. ತಿಂಗಳಿಗೊಮ್ಮೆ ಸೇರುತ್ತೇವೆ, ಒಬ್ಬೊಬ್ಬರ ಮರವನ್ನು ತಿರುಗುವ ಮಣೆ ಮೇಲಿಟ್ಟು ಎಲ್ಲರೂ ನೋಡುತ್ತೇವೆ. ಮೊದಲ ಅರ್ಧ ಗಂಟೆ ಕತ್ತರಿ ಮುಟ್ಟೋ ಹಾಗಿಲ್ಲ. ಬರೀ ತಿರುಗಿಸೋದು, ಮುಂಭಾಗ ಯಾವುದು ಅಂತ ವಾದ ಮಾಡೋದು. ಬುಡದ ಮಣ್ಣು ಕೆದಕಿ ಬೇರು ಎಲ್ಲಿ ಹರಡಿದೆ ನೋಡೋದು. ಇದು ಬೋರ್ ಅನ್ನಿಸಬಹುದು, ಆದರೆ ಕಣ್ಣು ಪಳಗೋದು ಇಲ್ಲೇ.

ಇಲ್ಲಿ ಎಲ್ಲರೂ ಜುನಿಪರ್ ಅನ್ನೋ ಸೂಜಿ ಎಲೆಯ ಗಿಡದಿಂದ ಶುರು ಮಾಡುತ್ತಾರೆ. ಬೆಂಗಳೂರಿನಲ್ಲೂ ಸಿಗುತ್ತದೆ ಅಂತ ಕೇಳಿದ್ದೇನೆ. ಹೊಸಬರಿಗೆ ನಾನು ಬೇಡ ಅನ್ನುತ್ತೇನೆ. ಜುನಿಪರ್ ಸತ್ತ ಮೇಲೂ ಕೆಲವು ವಾರ ಹಸಿರಾಗೇ ಇರುತ್ತದೆ. ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಏನಾಯಿತು, ಯಾವಾಗ ಆಯಿತು ಅಂತ ಹುಡುಕೋಕೆ ಆಗಲ್ಲ. ಕಲಿಯುವವರಿಗೆ ಬೇಗ ಉತ್ತರ ಕೊಡುವ ಗಿಡ ಬೇಕು. ಫೈಕಸ್ ಹಾಗೆ. ನೀರು ತಪ್ಪಿದರೆ ಎಲೆ ಉದುರಿಸಿ ಹೇಳುತ್ತದೆ, ಸರಿ ಮಾಡಿದರೆ ಮತ್ತೆ ಚಿಗುರುತ್ತದೆ.

ವಾಷಿಂಗ್ಟನ್‌ಗೆ ಯಾರಾದರೂ ಬಂದರೆ ನ್ಯಾಷನಲ್ ಆರ್ಬೊರೇಟಮ್‌ನ ಬೋನ್ಸಾಯ್ ಮ್ಯೂಸಿಯಂ ತಪ್ಪದೇ ನೋಡಿ. ಅಲ್ಲೊಂದು ಜಪಾನಿ ವೈಟ್ ಪೈನ್ ಇದೆ. 1625ರಿಂದ ಕುಂಡದಲ್ಲಿದೆ. 1945ರ ಆಗಸ್ಟ್‌ನಲ್ಲಿ ಹಿರೋಶಿಮಾ ಮೇಲೆ ಬಾಂಬ್ ಬಿದ್ದಾಗ ಅಲ್ಲಿಂದ ಸುಮಾರು 3 ಕಿಲೋಮೀಟರ್ ದೂರದ ಯಾಮಾಕಿ ಮನೆತನದ ನರ್ಸರಿಯಲ್ಲಿ, ಒಂದು ಗೋಡೆ ಮರೆಯಲ್ಲಿ ಇತ್ತು. ಉಳಿಯಿತು. 1976ರಲ್ಲಿ ಮಸಾರು ಯಾಮಾಕಿ ಅದನ್ನು ಅಮೆರಿಕಕ್ಕೆ ಉಡುಗೊರೆಯಾಗಿ ಕೊಟ್ಟರು. ಬಾಂಬ್ ಹಾಕಿದ ದೇಶಕ್ಕೇ! 2001ರಲ್ಲಿ ಅವರ ಮೊಮ್ಮಕ್ಕಳು ಬಂದು ಹೇಳುವ ತನಕ ಮರದ ಹಿರೋಶಿಮಾ ಕತೆ ಇಲ್ಲಿನವರಿಗೆ ಗೊತ್ತಿರಲಿಲ್ಲ. ಆ ಮರದ ಮುಂದೆ ನಿಂತು ನೋಡಿದರೆ ಮೂರು ಗಂಟೆಯ ವರ್ಕ್‌ಶಾಪ್ ಬಗ್ಗೆ ಮಾತಾಡೋಕೆ ನಗು ಬರುತ್ತದೆ.

ಹಿತ್ತಲ ಗಿಡ (ಶಿರಸಿ)

ಎಲ್ಲ ಸರಿ, ನನಗೊಂದು ಅನುಮಾನ. ಆಕಾಶಕ್ಕೆ ಬೆಳೆಯಬೇಕಾದ ಮರವನ್ನು ತಟ್ಟೆಯಲ್ಲಿ ಕಟ್ಟಿಹಾಕೋದು ಹಿಂಸೆ ಅಲ್ವಾ? ನಮ್ಮಮ್ಮ ಅಂತೂ "ಮನೆಯಲ್ಲಿ ಬೋನ್ಸಾಯ್ ಇಟ್ಟರೆ ಏಳಿಗೆ ನಿಲ್ಲುತ್ತೆ, ವಾಸ್ತುಗೆ ಆಗಲ್ಲ" ಅನ್ನುತ್ತಾರೆ.

ಮಣ್ಣಿನ ಕೈ

ವಾಸ್ತು ನನಗೆ ಗೊತ್ತಿಲ್ಲ, ಅಮ್ಮನ ಜೊತೆ ವಾದಕ್ಕೂ ಇಳಿಯಲ್ಲ. ಬೋನ್ಸಾಯ್ ಹೇಗೂ ಮನೆಯೊಳಗೆ ಇಡುವ ಗಿಡ ಅಲ್ಲ, ಬಿಸಿಲು ಗಾಳಿ ಬೇಕು. ಹೊರಗೆ ಇಡಿ, ಅಮ್ಮನಿಗೂ ಸಮಾಧಾನ, ಗಿಡಕ್ಕೂ ಸಮಾಧಾನ.

ಹಿಂಸೆ ವಿಷಯಕ್ಕೆ ಬಂದರೆ, ಉಪವಾಸ ಕೆಡವಿ ಗಿಡ್ಡ ಮಾಡುತ್ತಾರೆ ಅನ್ನೋದು ತಪ್ಪು ಕಲ್ಪನೆ. ಉಪವಾಸ ಬಿದ್ದ ಗಿಡ ಕತ್ತರಿಸಿದರೆ ಚಿಗುರಲ್ಲ, ಬೇರು ಕತ್ತರಿಸಿದರೆ ಬದುಕಲ್ಲ. ಗಟ್ಟಿಮುಟ್ಟಾದ ಗಿಡಕ್ಕೆ ಮಾತ್ರ ಈ ಕೆಲಸ ಮಾಡೋಕೆ ಸಾಧ್ಯ. ಬೇಲಿ ದಾಸವಾಳ ಕತ್ತರಿಸುತ್ತೇವೆ, ಕಾಫಿ ಗಿಡಕ್ಕೆ ಪ್ರತಿ ವರ್ಷ ಚಿಗುರು ತೆಗೆಯುತ್ತಾರೆ, ಯಾರೂ ಹಿಂಸೆ ಅನ್ನಲ್ಲ. ನನಗೆ ನಿಜವಾಗಿ ಹಿಂಸೆ ಅನ್ನಿಸೋದು ಎ.ಸಿ. ಆಫೀಸಿನ ಟೇಬಲ್ ಮೇಲೆ ಇಟ್ಟು ಸಾಯಿಸೋದು. ಗೆಣಸಿನಂತೆ ಊದಿದ ಬೇರಿನ ಫೈಕಸ್‌ಗಳನ್ನು ಗಿಫ್ಟ್ ಕೊಟ್ಟು ಹೀಗೆ ಎಷ್ಟು ಸಾಯಿಸಿದ್ದಾರೋ.

ಹಿತ್ತಲ ಗಿಡ

ಕಾಫಿ ಗಿಡದ ಮಾತು ಒಪ್ಪಿದೆ. ಹಾಗಾದರೆ ಇನ್ನೊಂದು. ನಮ್ಮ ಕಡೆ ಕಾಡಿನಲ್ಲಿ ಬಂಡೆ ಮೇಲೆ ಬೆಳೆದು ತಾನಾಗೇ ಗಿಡ್ಡ ಆದ ಮರಗಳು ಬೇಕಾದಷ್ಟು ಇವೆ. ಒಂದು ವೀಡಿಯೊದಲ್ಲಿ ಜಪಾನಿನವರು ಬೆಟ್ಟದಿಂದ ಹಾಗೇ ಅಗೆದು ತಂದು ಬೋನ್ಸಾಯ್ ಮಾಡೋದು ತೋರಿಸಿದರು. ತರಬಹುದಾ?

ಮಣ್ಣಿನ ಕೈ

ಬೇಡವೇ ಬೇಡ. ಅರಣ್ಯದಿಂದ ಗಿಡ ಕೀಳೋದು ಅಪರಾಧ, ಕರ್ನಾಟಕ ಅರಣ್ಯ ಕಾಯ್ದೆ 1963ರಿಂದಲೂ ಇದೆ. ಕಾನೂನು ಬದಿಗಿಟ್ಟರೂ, ಬಂಡೆ ಸಂದಿಯ ಮರದ ಬೇರು ಎಲ್ಲೋ ಆಳಕ್ಕೆ ಹೋಗಿರುತ್ತದೆ. ಕಿತ್ತರೆ ಹತ್ತಿರದ ಸಣ್ಣ ಬೇರು ಒಂದೂ ಬರಲ್ಲ, ಬಹುಪಾಲು ಸಾಯುತ್ತದೆ.

ನಿಮ್ಮದೇ ತೋಟ ಇದೆಯಲ್ಲ? ಗೂಟಿ ಕಟ್ಟೋದು ನಿಮಗೆ ಹೇಳಿಕೊಡಬೇಕಾ! ದಾಳಿಂಬೆ, ಫೈಕಸ್, ಕಾಗದದ ಹೂವಿನ ಗಿಡ, ಯಾವುದರಲ್ಲಾದರೂ ಚೆನ್ನಾಗಿ ಬಾಗಿದ, ಬೆರಳು ದಪ್ಪದ ಕೊಂಬೆ ಹುಡುಕಿ. ಬಾಗಿನ ಕೆಳಗೆ ತೊಗಟೆ ಉಂಗುರ ತೆಗೆದು, ಒದ್ದೆ ತೆಂಗಿನ ನಾರು ಸುತ್ತಿ, ಪ್ಲಾಸ್ಟಿಕ್ ಕಟ್ಟಿ. ಮಳೆಗಾಲದಲ್ಲಿ ಬೇಗ ಬೇರು ಬಿಡುತ್ತದೆ. ಇದರಲ್ಲಿ ಇನ್ನೊಂದು ಲಾಭ ಇದೆ. ಉಂಗುರದ ಸುತ್ತಲೂ ಒಂದೇ ಮಟ್ಟದಲ್ಲಿ ಬೇರು ಹೊರಡುತ್ತವೆ, ಬುಡ ನೆಲವನ್ನು ಎಲ್ಲ ಕಡೆಗೂ ಹಿಡಿದುಕೊಂಡಂತೆ ಕಾಣುತ್ತದೆ. ಜಪಾನಿನವರು ನೆಬಾರಿ ಅಂತ ಕರೆದು ತಲೆ ಕೆಡಿಸಿಕೊಳ್ಳೋದು ಇದಕ್ಕೇ.

ತಾರಸಿ ತೋಟ

ಹೋಗಿ ಬಂದೆ! ಮೊದಲು ನೋಡಿದ್ದ ಭಾನುವಾರದ ವರ್ಕ್‌ಶಾಪ್‌ಗಲ್ಲ. ಅವರಿಗೆ ಫೋನ್ ಮಾಡಿ ನಿಮ್ಮ ಪ್ರಶ್ನೆ ಕೇಳಿದೆ, "ಕಿಟ್‌ನಲ್ಲೇ ಗಿಡ ಇರುತ್ತೆ ಮೇಡಂ, ನಿಮ್ಮದು ಯಾಕೆ" ಅಂದರು. ಬಿಟ್ಟೆ. ಲಾಲ್‌ಬಾಗ್‌ನ ಬೋನ್ಸಾಯ್ ತೋಟದಲ್ಲಿ ಸಿಕ್ಕ ಹಿರಿಯರೊಬ್ಬರು ತಮ್ಮ ಮನೆಯ ಮಹಡಿ ಮೇಲೆ ನಾಲ್ಕೈದು ಜನಕ್ಕೆ ಹೇಳಿಕೊಡುತ್ತಾರೆ ಅಂತ ಗೊತ್ತಾಯಿತು. ನನ್ನ ನರ್ಸರಿ ಫೈಕಸ್ ಎತ್ತಿಕೊಂಡು ಹೋದೆ.

ಅಂದು ಬೇರಿನ ಕೆಲಸ. ಗಿಡವನ್ನು ಪಾಟ್‌ನಿಂದ ತೆಗೆದರೆ ಬೇರು ಪಾಟ್‌ನ ಆಕಾರದಲ್ಲೇ ಗಟ್ಟಿ ಉಂಡೆ ಆಗಿತ್ತು. ಬಿದಿರಿನ ಕಡ್ಡಿ ಕೊಟ್ಟು, ಹೊರಗಿನಿಂದ ಒಳಕ್ಕೆ ಹೋಗಬೇಡಿ, ಬುಡದಿಂದ ಹೊರಕ್ಕೆ ಬಿಡಿಸುತ್ತಾ ಬನ್ನಿ ಅಂದರು. ಸಿಕ್ಕು ಬಿಡಿಸೋದೇ ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಅಡಿ ನೋಡಿದರೆ ಒಂದು ದಪ್ಪ ಬೇರು ಪಾಟ್‌ನ ಸುತ್ತ ಒಂದೂವರೆ ಸುತ್ತು ಹೊಡೆದಿತ್ತು. "ಇದನ್ನು ಏನು ಮಾಡೋಣ?" ಅಂತ ನನ್ನನ್ನೇ ಕೇಳಿದರು. ಅಷ್ಟು ದಪ್ಪದ್ದನ್ನು ಕತ್ತರಿಸಿದರೆ ಗಿಡ ಸತ್ತೇಹೋಗುತ್ತೆ ಅನ್ನಿಸಿ ಸುಮ್ಮನಿದ್ದೆ. ಅವರು ಪಕ್ಕದ ಬೆಳ್ಳಗಿನ ಸಣ್ಣ ಬೇರುಗಳನ್ನು ತೋರಿಸಿ "ಊಟ ಮಾಡೋದು ಇವು. ಅದು ಬರೀ ಪೈಪ್" ಅಂದರು. ಕತ್ತರಿಸಿದೆ. ಹಾಲು ಮಣಿಮಣಿಯಾಗಿ ಬಂತು. ಕಣ್ಣಿಗೆ ಕೈ ಹಾಕಬೇಡಿ ಅಂತ ಎಚ್ಚರಿಸಿ, ನೀರು ಚಿಮುಕಿಸಿ ಒರೆಸಿಸಿದರು.

ಒಟ್ಟು ಮೂರನೇ ಒಂದು ಭಾಗದಷ್ಟು ಬೇರು ತೆಗೆದೆವು. ಕುಂಡದ ತೂತಿಗೆ ಸೊಳ್ಳೆ ಪರದೆಯ ಜಾಲರಿ, ತೂತಿನ ಮೂಲಕ ಕೆಳಗಿನಿಂದ ತಂತಿ ಏರಿಸಿ ಬೇರಿನ ಉಂಡೆಯನ್ನು ಕುಂಡಕ್ಕೇ ಕಟ್ಟಿದೆವು. ಇದು ನನಗೆ ಗೊತ್ತೇ ಇರಲಿಲ್ಲ. ಗಾಳಿಗೆ ಗಿಡ ಅಲ್ಲಾಡಿದರೆ ಹೊಸ ಬೇರಿನ ತುದಿ ಹರಿಯುತ್ತಂತೆ. ಕಾಂಡ ಹಿಡಿದು ಎತ್ತಿದರೆ ಕುಂಡವೂ ಜೊತೆಗೆ ಮೇಲೆ ಬರಬೇಕು, ಅಲ್ಲಿವರೆಗೆ ಬಿಚ್ಚಿ ಕಟ್ಟು ಅಂದರು. ನನ್ನದು ಮೊದಲ ಸಲ ಬರಲಿಲ್ಲ. ಆಮೇಲೆ ಇಟ್ಟಿಗೆ ಚೂರು ಸುರಿದು, ಬೇರಿನ ಸಂದಿಗೆಲ್ಲ ಇಳಿಯುವ ಹಾಗೆ ಕಡ್ಡಿಯಲ್ಲಿ ಆಡಿಸೋದು. ಒಳಗೆ ಟೊಳ್ಳು ಉಳಿದರೆ ಅಲ್ಲಿನ ಬೇರು ಒಣಗುತ್ತದೆ.

ಕುಂಡ ಬೋನ್ಸಾಯ್ ತಟ್ಟೆ ಅಲ್ಲ, ಅಗಲವಾದ ಸಾದಾ ಮಣ್ಣಿನ ಬಟ್ಟಲು. "ತಟ್ಟೆಗೆ ಇನ್ನೂ ವಯಸ್ಸಾಗಿಲ್ಲ" ಅಂದರು. ಎರಡು ಕೊಂಬೆಗೆ ಮಾತ್ರ ತಂತಿ ಕಟ್ಟಿಸಿದರು. ಮಳೆಗಾಲದ ನಡುವೆ ಗಿಡ ಹೊತ್ತುಕೊಂಡು ಮತ್ತೆ ಬರಬೇಕಂತೆ.

ಸುಮ್ನೆ ಕೇಳ್ದೆ

ಮೇಡಂ, ಅವರು ಎಷ್ಟು ತೆಗೆದುಕೊಂಡರು?

ತಾರಸಿ ತೋಟ

ಕುಂಡ, ತಂತಿಯ ದುಡ್ಡು ಮಾತ್ರ. ಮಧ್ಯಾಹ್ನ ಚಿತ್ರಾನ್ನ, ಮಜ್ಜಿಗೆ ಅವರದ್ದೇ. ಆದರೆ ಅದು ಅವರ ದೊಡ್ಡತನ. ಇಷ್ಟು ಹೊತ್ತು ಪಕ್ಕದಲ್ಲಿ ನಿಂತು ಕಲಿಸುವವರು ಶುಲ್ಕ ಕೇಳಿದ್ದರೂ ಖುಷಿಯಿಂದ ಕೊಡುತ್ತಿದ್ದೆ.

ಮಣ್ಣಿನ ಕೈ

ಸರಿಯಾದ ಕಡೆಗೇ ಹೋಗಿದ್ದೀರಿ. ಇನ್ನು ಒಂದೆರಡು ವಾರ ಶೇಡ್ ನೆಟ್ ಕೆಳಗೆ ಇಡಿ, ಗಾಳಿ ಜೋರಾಗಿ ಬಡಿಯಬಾರದು. ಗೊಬ್ಬರ ಈಗ ಬೇಡ. ಹೊಸ ಚಿಗುರು ಬಿಟ್ಟು ಎಲೆ ಬಲಿಯುವ ತನಕ ಕಾಯಿರಿ. ಕೆಲವು ಎಲೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ, ಹಾಗಂತ ನೀರು ಜಾಸ್ತಿ ಸುರಿಯಬೇಡಿ. ಬೇರು ಕಡಿಮೆ ಇದೆ, ಕುಡಿಯೋದೂ ಕಡಿಮೆ.

ನೀರಿಗೆ ಟೈಮ್ ಟೇಬಲ್ ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಬೆರಳು ಒಂದು ಗೆಣ್ಣು ಇಳಿಸಿ ನೋಡಿ, ಒಣಗುತ್ತಾ ಬಂದಿದ್ದರೆ ತಳದ ತೂತಿನಿಂದ ಹರಿಯುವ ತನಕ ಹಾಕಿ. ಜಪಾನಿನಲ್ಲಿ ನೀರು ಹಾಕೋದು ಕಲಿಯೋಕೇ ಮೂರು ವರ್ಷ ಅಂತ ಮಾತಿದೆ. ಅಲ್ಲಿ ಶಿಷ್ಯನಾಗಿ ಸೇರಿದವರು ಐದಾರು ವರ್ಷ ಗುರುವಿನ ತೋಟದಲ್ಲೇ ಇರುತ್ತಾರೆ. ಮೊದಮೊದಲು ಕಸ ಗುಡಿಸೋದು, ಕಳೆ ಕೀಳೋದು, ನೀರು ಹಾಕೋದು. ಒಮಿಯಾದಲ್ಲಿ ಬೋನ್ಸಾಯ್ ಬೆಳೆಯುವವರದ್ದೇ ಒಂದು ಊರಿದೆ. 1923ರ ಭೂಕಂಪದಲ್ಲಿ ಟೋಕಿಯೊ ಹಾಳಾದ ಮೇಲೆ ಅಲ್ಲಿನ ನರ್ಸರಿಯವರು ಒಳ್ಳೆ ಮಣ್ಣು, ನೀರು, ಗಾಳಿ ಹುಡುಕಿಕೊಂಡು ಹೋಗಿ 1925ರಲ್ಲಿ ನೆಲೆಯೂರಿದ ಜಾಗ. ನಮಗೆ ಅಷ್ಟು ಸಮಯ ಇಲ್ಲ, ಅದಕ್ಕೇ ಈ ವರ್ಕ್‌ಶಾಪ್‌ಗಳು.

ಮೈಸೂರಿಗೆ ಬಂದರೆ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟ ನೋಡಿ. ನಮ್ಮ ಹವಾಮಾನದಲ್ಲಿ ಯಾವ ಜಾತಿ ಕುಂಡದಲ್ಲಿ ಹೇಗೆ ಬರುತ್ತದೆ ಅನ್ನೋದು ಒಂದೇ ಕಡೆ ಕಾಣಸಿಗುತ್ತದೆ. ಫೋಟೊ ಕಮ್ಮಿ ತೆಗೆಯಿರಿ, ಬುಡ ಜಾಸ್ತಿ ನೋಡಿ.

ಕುಡ್ಲದ ಮಳೆ

ಹುಣಸೆ ಬೀಜ ಹಾಕಿ ಶುರು ಮಾಡಿದರೆ ಎಷ್ಟು ವರ್ಷ ಬೇಕಾದೀತು?

ಶೇಂಗಾ ಹಿಂಡಿ

ಹಾಕಿರಿ, ಆದರ ಅದೊಂದನ್ನೇ ನೆಚ್ಚಿಕೊಂಡು ಕೂರಬೇಡಿ. ಹುಣಸೆಯ ಎಲೆ ಹುಟ್ಟಾ ಸಣ್ಣದು, ತೊಗಟೆ ಬೇಗ ಬಿರುಕು ಬಿಟ್ಟು ಮುದಿ ಮರದ ಹಾಗೆ ಕಾಣುತ್ತದೆ. ಬೋನ್ಸಾಯ್‌ಗೆ ಅದಕ್ಕಿಂತ ಒಳ್ಳೆ ನಮ್ಮೂರ ಮರ ಇಲ್ಲ ಅನ್ನೋದು ನನ್ನ ಪಕ್ಷಪಾತ. ಬೀಜ ನೆಲಕ್ಕೇ ಹಾಕಿ, ಸಸಿ ಒಂದು ಗೇಣು ಆದಾಗ ತಾಯಿಬೇರು ಕತ್ತರಿಸಿ ಮತ್ತೆ ನೆಡಿ, ಪಕ್ಕದ ಬೇರು ಹರಡುತ್ತವೆ. ನೋಡುವಂಥದ್ದು ಆಗೋಕೆ ಹತ್ತು ವರ್ಷ ಅಂದುಕೊಳ್ಳಿ. ಅಷ್ಟರ ತನಕ ಕೈ ಆಡಿಸೋಕೆ ನರ್ಸರಿಯಿಂದ ಒಂದು ಕಾಗದದ ಹೂವಿನ ಗಿಡ ತನ್ನಿ. ಒಂದು ಎಚ್ಚರ, ಅದರ ಬಲಿತ ಕೊಂಬೆಗೆ ತಂತಿ ಹಾಕಿ ಬಗ್ಗಿಸಬೇಡಿ, ಪಟ್ಟನೆ ಮುರಿಯುತ್ತದೆ. ಎಳೆ ಕೊಂಬೆಗೆ ಮಾತ್ರ.

ತಾರಸಿ ತೋಟ

ಒಂದು ಅರ್ಜೆಂಟ್ ಪ್ರಶ್ನೆ. ಮಳೆ ಶುರುವಾದ ಮೇಲೆ ಗಿಡ ಜೋರಾಗಿ ಚಿಗುರಿದೆ. ಇವತ್ತು ನೋಡಿದರೆ ತಂತಿ ಕಟ್ಟಿದ ಕೆಳಗಿನ ಕೊಂಬೆಯಲ್ಲಿ ಒಂದು ಕಡೆ ತಂತಿ ತೊಗಟೆಯೊಳಗೆ ಇಳಿಯುತ್ತಿರೋ ಹಾಗಿದೆ. ಕಟ್ಟಿ ಎರಡು ತಿಂಗಳೂ ಆಗಿಲ್ಲ. ಮುಂದಿನ ಭೇಟಿ ಇನ್ನೂ ಮೂರು ವಾರ ಇದೆ. ಅಲ್ಲಿವರೆಗೆ ಬಿಡಲಾ?

ಮಣ್ಣಿನ ಕೈ

ಬಿಡಬೇಡಿ, ಇವತ್ತೇ ತೆಗೆಯಿರಿ. ಬೆಳೆಯುವ ಕಾಲದಲ್ಲಿ ಫೈಕಸ್‌ಗೆ ಒಂದೂವರೆ ತಿಂಗಳಿಗೇ ತಂತಿ ಕಚ್ಚುತ್ತದೆ. ಅದಕ್ಕೇ ವಾರಕ್ಕೊಮ್ಮೆ ನೋಡಬೇಕು. ಸುತ್ತು ಬಿಚ್ಚೋಕೆ ಹೋಗಬೇಡಿ, ಚಿಗುರೂ ಮುರಿಯುತ್ತೆ, ತೊಗಟೆಯೂ ಸುಲಿಯುತ್ತೆ. ವೈರ್ ಕಟರ್ ತೆಗೆದುಕೊಂಡು ಒಂದೊಂದು ಸುತ್ತನ್ನೂ ಬೇರೆ ಬೇರೆಯಾಗಿ ಕತ್ತರಿಸಿ, ಚೂರುಚೂರಾಗಿ ಉದುರಿಸಿ. ಅಲ್ಯೂಮಿನಿಯಂ ಆದರೆ ಬೆಣ್ಣೆಯಂತೆ ಕತ್ತರಿಸುತ್ತದೆ. ಕಚ್ಚಿದ ಗುರುತು ಹಗುರವಾಗಿದ್ದರೆ ಒಂದೆರಡು ವರ್ಷದಲ್ಲಿ ತುಂಬಿಕೊಳ್ಳುತ್ತದೆ.

ಕೊಂಬೆ ಸ್ವಲ್ಪ ವಾಪಸ್ ಮೇಲೆದ್ದರೆ ಒಂದು ವಾರ ಬಿಟ್ಟು ಹೊಸ ತಂತಿ ಕಟ್ಟಿ, ಹಳೇ ಗುರುತಿನ ಮೇಲೆ ಬೀಳದ ಹಾಗೆ ಸುತ್ತು ಸರಿಸಿಕೊಳ್ಳಿ. ಇನ್ನೊಂದು ಕೊಂಬೆಯ ತಂತಿಯನ್ನೂ ಹಿಂದುಗಡೆಯಿಂದ ಬೆರಳಾಡಿಸಿ ನೋಡಿ, ಮುಂದುಗಡೆ ಚೆನ್ನಾಗಿದ್ದು ಹಿಂದೆ ಕಚ್ಚಿರೋದು ಮಾಮೂಲಿ.